ಮಕ್ಕಳಲ್ಲಿ ಹೃದಯ ಶಸ್ತ್ರಚಿಕಿತ್ಸೆಯ ನಂತರದ ಗಾಯದ ಸೋಂಕು
ತೆರೆದ ಹೃದಯ ಶಸ್ತ್ರಚಿಕಿತ್ಸೆಗಾಗಿ ಸೀಳಿ ಹೊಲಿದ ಎದೆಯ ಗಾಯಕ್ಕೆ ತಗಲುವ ಈ ಸೋಂಕಿಗೆ ಹೆಚ್ಚಾಗಿ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾಗಳು ಕಾರಣ. ಚರ್ಮದ ಮಟ್ಟದ ಸೋಂಕು ಸಾಮಾನ್ಯವಾಗಿ ಗಾಯದ ಶುಚೀಕರಣ ಹಾಗೂ ಪ್ರತಿಜೀವಕಗಳಿಂದ ಗುಣವಾಗುತ್ತದೆ. ಸೋಂಕು ಎದೆಮೂಳೆಯ ಹಿಂಬದಿಗೆ ಹರಡಿದರೆ ಅದನ್ನು ಮೀಡಿಯಾಸ್ಟಿನೈಟಿಸ್ ಎನ್ನುತ್ತಾರೆ, ಇದು ಪ್ರಾಣಾಪಾಯಕಾರಿ. ಆಗ ಗಾಯವನ್ನು ಮತ್ತೆ ತೆರೆದು, ಕೀವು ಮತ್ತು ಸತ್ತ ಅಂಗಾಂಶವನ್ನು ತೆಗೆದು, ಕಲ್ಚರ್ ಪರೀಕ್ಷೆಗೆ ತಕ್ಕ ಪ್ರತಿಜೀವಕವನ್ನು ಹಲವು ವಾರಗಳ ಕಾಲ ನೀಡಲಾಗುತ್ತದೆ.

ಲಕ್ಷಣಗಳು ಅನೇಕ ವೇಳೆ ಮಗು ಮನೆಗೆ ಮರಳಿದ ಮೇಲೆ ಕಾಣಿಸುತ್ತವೆ. ರಾಯಚೂರು ಜಿಲ್ಲೆಯ ಅರಕೇರಾದಂತಹ ಊರುಗಳಿಗೆ, ಮಕ್ಕಳ ಹೃದಯ ಶಸ್ತ್ರಚಿಕಿತ್ಸೆ ನಡೆಯುವ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಸುಮಾರು 400 ಕಿ.ಮೀ. ದೂರದಲ್ಲಿದೆ. ಆದ್ದರಿಂದ ಜ್ವರ, ಗಾಯದ ಸುತ್ತ ಕೆಂಪು ಅಥವಾ ಊತ, ಕೀವು, ಹಾಲು ಕುಡಿಯದಿರುವುದು, ಎದೆಮೂಳೆ ಅಲುಗುವುದು ಕಂಡರೆ ಕೂಡಲೇ ಹತ್ತಿರದ ಆಸ್ಪತ್ರೆಯಲ್ಲಿ ತೋರಿಸಿ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೂ ತಿಳಿಸಬೇಕು. ಅಂಗಡಿಯಿಂದ ತಂದ ಪ್ರತಿಜೀವಕ ಕೊಟ್ಟರೆ ಕಲ್ಚರ್ ಪರೀಕ್ಷೆಯಲ್ಲಿ ರೋಗಾಣು ಪತ್ತೆಯಾಗದೆ ಹೋಗಬಹುದು.