ಪರದೆಗೆ ಕೊರೆದ ಕಿಂಡಿ

1942, ಲಿವರ್‌ಪೂಲ್. ಡರ್ಬಿ ಹೌಸ್ ಎಂಬ ಕಟ್ಟಡದ ಮೇಲಂತಸ್ತಿನಲ್ಲಿ ಒಂದು ಕೋಣೆಯ ನೆಲವೇ ಅಟ್ಲಾಂಟಿಕ್ ಸಾಗರ. ನೆಲದ ತುಂಬ ಗೆರೆ ಎಳೆದು ಮನೆ ಮಾಡಿದ್ದಾರೆ, ಮೇಲೆ ಪುಟಾಣಿ ಹಡಗುಗಳು. ಸುತ್ತಲೂ ಕ್ಯಾನ್ವಾಸ್ ಪರದೆ. ಪರದೆಯ ಹಿಂದೆ ನಿಂತವರು ನಿಜವಾದ ನೌಕಾಧಿಕಾರಿಗಳು, ತರಬೇತಿ ಮುಗಿದ ಮೇಲೆ ನಿಜವಾದ ಹಡಗು ಹತ್ತುವವರು. ಪರದೆಗೆ ಕೊರೆದ ಕಿಂಡಿಯಲ್ಲಿ ಇಣುಕಿದರೆ ಎಷ್ಟು ಕಂಡೀತೋ ಅಷ್ಟೇ ಅವರ ಪಾಲಿನ ಸಮುದ್ರ.

ರೆನ್ಸ್ ಎಂದು ಹೆಸರಾದ ಬ್ರಿಟಿಷ್ ನೌಕಾಪಡೆಯ ಮಹಿಳಾ ದಳದ ಯುವತಿಯರು ನೆಲದ ಮೇಲೆ ಕೂತು ಹಡಗುಗಳನ್ನು ಸರಿಸುತ್ತಿದ್ದರು, ಅವು ಸಾಗಿದ ದಾರಿಯನ್ನು ಸೀಮೆಸುಣ್ಣದಲ್ಲಿ ಗುರುತು ಮಾಡುತ್ತಿದ್ದರು. ಬೆಂಗಾವಲು ಹಡಗಿಗೆ ಬಿಳಿ, ಜರ್ಮನಿಯ ಜಲಾಂತರ್ಗಾಮಿಗೆ ಹಸಿರು. ಹಸಿರೇ ಯಾಕೆಂದರೆ, ಕಿಂಡಿಯಿಂದ ಓರೆಯಾಗಿ ನೋಡುವವನಿಗೆ ಆ ಗೆರೆ ನೆಲದ ಬಣ್ಣದಲ್ಲಿ ಕರಗಿಹೋಗುತ್ತಿತ್ತು. ಇಡೀ ಏರ್ಪಾಟಿಗೆ ತಗುಲಿದ್ದು ಒಂದಿಷ್ಟು ಬಟ್ಟೆ, ಒಂದಿಷ್ಟು ಸುಣ್ಣ. ಯುದ್ಧದಾಟಗಳನ್ನು ಕಟ್ಟುವವರ ಹಳೆಯ ತಲೆನೋವೊಂದಕ್ಕೆ ಇಷ್ಟು ಅಗ್ಗದ ಮದ್ದು ಇನ್ನೊಂದು ಸಿಕ್ಕಿಲ್ಲವೆಂದೇ ನನ್ನ ಎಣಿಕೆ.

ತಲೆನೋವು ಇದು: ಮಣೆಯ ಮೇಲೆ ಬಗ್ಗಿದವನಿಗೆ ಎಲ್ಲವೂ ಕಾಣುತ್ತದೆ. ಚದುರಂಗಕ್ಕೆ ಅದೇ ಸೊಗಸು, ಎದುರಾಳಿಯ ಮನಸ್ಸೊಂದು ಬಿಟ್ಟರೆ ಅಲ್ಲಿ ಮರೆಯಲ್ಲಿರುವುದು ಏನೂ ಇಲ್ಲ. ರಣರಂಗದಲ್ಲಿ ಬೇಲಿಯ ಆಚೆ ಫಿರಂಗಿ ಇದೆಯೋ ಎಮ್ಮೆ ಮೇಯುತ್ತಿದೆಯೋ ಎಂದು ತಿಳಿಯುವುದೇ ಅರ್ಧ ಕೆಲಸ. ಹಾಗಿರುವಾಗ ಆಟಗಾರನ ಕಣ್ಣು ಕಟ್ಟುವುದು ಹೇಗೆ?

ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಜ್ 1824ರಲ್ಲಿ ಇದಕ್ಕೆ ಅಂಪೈರ್ ಒಬ್ಬನನ್ನು ತಂದು ಕೂರಿಸಿದ. ಅವನ ‘ಕ್ರೀಗ್ಸ್‌ಶ್ಪೀಲ್’ ಆಟದಲ್ಲಿ 1:8000 ಅಳತೆಯ ನಕ್ಷೆ, ಕೆಂಪು-ನೀಲಿ ಕಾಯಿಗಳು, ಎರಡು ನಿಮಿಷದ ಯುದ್ಧಕ್ಕೆ ಒಂದು ನಡೆ. ಆಟಗಾರರು ಕಾಯಿ ಮುಟ್ಟುವಂತಿಲ್ಲ, ಚೀಟಿಯಲ್ಲಿ ಆಜ್ಞೆ ಬರೆದು ಅಂಪೈರನಿಗೆ ಕೊಡಬೇಕು. ಎದುರಾಳಿಯ ಕಣ್ಣಿಗೆ ಬಿದ್ದ ತುಕಡಿ ಮಾತ್ರ ನಕ್ಷೆಗೆ ಬರುತ್ತದೆ. ಮಿಕ್ಕದ್ದೆಲ್ಲ ಅಂಪೈರನ ತಲೆಯೊಳಗೆ. 1899ರಲ್ಲಿ ಹೆನ್ರಿ ಟೆಂಪಲ್ ಎಂಬ ಇಂಗ್ಲಿಷಿನವನು ಚದುರಂಗಕ್ಕೂ ಇದೇ ಉಪಾಯ ಹೂಡಿದ: ಮೂರು ಮಣೆ, ಇಬ್ಬರು ಕುರುಡರು, ಎಲ್ಲ ಬಲ್ಲ ಒಬ್ಬ ಅಂಪೈರ್.

ಲಿವರ್‌ಪೂಲಿನ ಆ ಕೋಣೆ ಇದೇ ವಂಶದ್ದು. ಕ್ಷಯರೋಗದಿಂದಾಗಿ ನೌಕಾಪಡೆಯ ಕೆಲಸ ಕಳೆದುಕೊಂಡು, ಯುದ್ಧ ಶುರುವಾದ ಮೇಲೆ ಮರಳಿ ಬಂದ ಗಿಲ್ಬರ್ಟ್ ರಾಬರ್ಟ್ಸ್ ಅದರ ಮುಖ್ಯಸ್ಥ. ಜಲಾಂತರ್ಗಾಮಿಗಳು ಹಡಗುಗಳ ಸಾಲಿನ ಹೊರಗಿನಿಂದಲೇ ಟಾರ್ಪಿಡೊ ಬಿಡುತ್ತವೆ ಎಂಬುದು ಆಗಿನ ನಂಬಿಕೆ. ಹಾಗಿದ್ದರೆ ನಟ್ಟನಡುವಿನ ಹಡಗು ಮುಳುಗುವುದು ಹೇಗೆ? ರಾಬರ್ಟ್ಸ್ ಮತ್ತು ಸಂಗಡಿಗರು ನೆಲದ ಮೇಲೆ ಕಾಯಿಗಳನ್ನು ಹಿಂದೆ ಮುಂದೆ ಸರಿಸಿ ಕಂಡುಕೊಂಡ ಉತ್ತರ: ರಾತ್ರಿ ಹೊತ್ತು, ನೀರಿನ ಮೇಲೆಯೇ, ಹಿಂದಿನಿಂದ ಬಂದು ಸಾಲುಗಳ ನಡುವೆ ನುಸುಳುತ್ತವೆ. ಎಲ್ಲರೂ ಹೊರಗಡೆ ಕಣ್ಣಿಟ್ಟಿರುವಾಗ ಕಳ್ಳ ಮನೆಯೊಳಗೇ ಇದ್ದಾನೆ. ಹೊಡೆದಾದ ಮೇಲೆ ನೀರಿಗಿಳಿದು ಸುಮ್ಮನಿದ್ದರಾಯಿತು, ಇಡೀ ಹಡಗುಸಾಲು ತಲೆಯ ಮೇಲೆ ಹಾದುಹೋಗುತ್ತದೆ.

ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನ ಕಥೆ ಬಲ್ಲ ನಮಗೆ ಇದು ಹೊಸ ಯುಕ್ತಿಯಲ್ಲ. ರನ್ನನಲ್ಲಿ ಅವನನ್ನು ಮೇಲಕ್ಕೆ ಎಬ್ಬಿಸಿದ್ದು ಭೀಮನ ಕಣ್ಣಲ್ಲ, ಬಾಯಿ. ಇಲ್ಲೂ ನೀರೊಳಗೆ ಬಿಟ್ಟದ್ದು ಸದ್ದನ್ನೇ. ಬೆಂಗಾವಲು ಹಡಗುಗಳು ಸಾಲಿನ ಹಿಂಭಾಗಕ್ಕೆ ಸರಿದು, ಸಾಲುಗಟ್ಟಿ, ಸದ್ದಿನ ಮರುದನಿ ಹಿಡಿಯುವ ಆಸ್ಡಿಕ್ ಯಂತ್ರದಿಂದ ನೀರನ್ನು ಜಾಲಾಡಬೇಕು ಎಂಬ ತಂತ್ರ ಆ ನೆಲದ ಮೇಲೆ ಹುಟ್ಟಿತು. ಅದಕ್ಕೆ ‘ರಾಸ್‌ಬೆರಿ’ ಎಂದು ಹೆಸರಿಟ್ಟವಳು ಜೀನ್ ಲೇಡ್ಲಾ ಎಂಬ ರೆನ್. ಆಂಗ್ಲರ ಆಡುಮಾತಿನಲ್ಲಿ ಅದು ನಾಲಗೆ ಚಾಚಿ ತುಟಿಯಿಂದ ಹೊರಡಿಸುವ ಹೀಯಾಳಿಕೆಯ ಸದ್ದು. ಹಿಟ್ಲರನಿಗೆ ಎಂದು ಬೇರೆ ಹೇಳಬೇಕಿಲ್ಲ.

ಮನೆಯಲ್ಲಿ ಇಬ್ಬರೇ ಕೂತು ಆಡುವವರಿಗೆ ಈ ಭಾಗ್ಯವಿಲ್ಲ. ಅಂಪೈರನೂ ಇಲ್ಲ, ಕೋಣೆಯಷ್ಟು ದೊಡ್ಡ ಸಮುದ್ರವೂ ಇಲ್ಲ. 1985ರಲ್ಲಿ ಅವಲಾನ್ ಹಿಲ್ ಕಂಪನಿ ಹೊರತಂದ ‘ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರ್’ ಆಟದಲ್ಲಿ ಸೈನಿಕರ ರಟ್ಟಿನ ಬಿಲ್ಲೆಗಳ ಮೇಲೆ ಇನ್ನೊಂದು ಬಿಲ್ಲೆ ಮುಚ್ಚುತ್ತಾರೆ, ಅದರ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ. ಕೆಳಗೆ ಮಷಿನ್ ಗನ್ ಇರಬಹುದು, ಏನೂ ಇಲ್ಲದ ಬರೀ ಬೆದರುಬೊಂಬೆಯೂ ಇರಬಹುದು. ಶತ್ರುವಿನ ಕಣ್ಣೆದುರು, ಹದಿನಾರು ಷಟ್ಕೋನ ಮನೆಗಳೊಳಗೆ ಗುಂಡು ಹಾರಿಸಿದರೆ ಮುಸುಕು ಹೋಗುತ್ತದೆ. ಒಂದು ಮನೆಗೆ 40 ಮೀಟರ್, ಅಂದರೆ 640 ಮೀಟರ್ ದೂರ.

ನೋಟ ತಲುಪುತ್ತದೆಯೇ ಎಂದು ತಿಳಿಯಲು ಈ ಮನೆಯಿಂದ ಆ ಮನೆಗೆ ದಾರ ಹಿಡಿದು ಎಳೆಯಬೇಕು. ದಾರ ಕಟ್ಟಡಕ್ಕೆ ತಾಗಿದರೆ ನೋಟ ಅಲ್ಲಿಗೇ ನಿಂತಿತು. ಆದರೆ ಗುಂಡು ಹಾರಿಸುತ್ತೇನೆಂದು ಬಾಯಿಬಿಟ್ಟು ಹೇಳಿದ ಮೇಲೆಯೇ ದಾರಕ್ಕೆ ಕೈ ಹಾಕಬೇಕು, ನೋಟಕ್ಕೆ ಅಡ್ಡಿಯಿದ್ದರೆ ಆ ಗುಂಡು ದಂಡ. ಹೀಗಾಗಿ ಇಬ್ಬರು ವಯಸ್ಕರು ಒಂದು ಕಣ್ಣು ಮುಚ್ಚಿ, ಕೆನ್ನೆಯನ್ನು ಮೇಜಿಗೆ ಒತ್ತಿ, ನಕ್ಷೆಯ ಅಂಚಿನಲ್ಲಿ ಇಣುಕುತ್ತಾ ಕೂರುತ್ತಾರೆ. ಪೂರ್ತಿ ಅಡಗಿದ ತುಕಡಿಯಂತೂ ನಕ್ಷೆಯ ಮೇಲೆ ಇರುವುದೇ ಇಲ್ಲ. ಅದು ಎಲ್ಲಿದೆಯೆಂದು ಕಾಗದದ ಚೂರಿನಲ್ಲಿ ಬರೆದಿಟ್ಟುಕೊಳ್ಳಬೇಕು, ಎದುರಿನವನು ಅದನ್ನು ನಂಬಬೇಕು. ಇಡೀ ವ್ಯವಹಾರ ನಿಂತಿರುವುದು ಮಾತಿನ ಮೇಲೆ.

ಕಂಪ್ಯೂಟರ್ ಬಂದ ಮೇಲೆ ಅಂಪೈರ್ ಪುಕ್ಕಟೆಯಾಗಿ ಸಿಕ್ಕ, ಸಮಸ್ಯೆ ಮಾತ್ರ ಒಂದು ಹೆಜ್ಜೆ ಆಚೆ ಸರಿಯಿತು. 2000ದಲ್ಲಿ ಬಂದ ‘ಕಾಂಬ್ಯಾಟ್ ಮಿಷನ್’ ಆಟದಲ್ಲಿ ಕಾಡಂಚಿನ ಒಬ್ಬ ಸಿಪಾಯಿ ಶತ್ರುವಿನ ಟ್ಯಾಂಕನ್ನು ಕಂಡರೆ ಸಾಕು, ಅದು ಅವನ ಇಡೀ ಪಡೆಗೆ ಆ ಕ್ಷಣವೇ ಗೊತ್ತಾಗಿಬಿಡುತ್ತಿತ್ತು. ರೇಡಿಯೊ ಬೇಡ, ಕೂಗೂ ಬೇಡ. ಆಟಗಾರರು ಇದಕ್ಕೆ ‘ಬೋರ್ಗ್ ಕಣ್ಣು’ ಎಂದು ಲೇವಡಿ ಮಾಡಿದರು. ಬೋರ್ಗ್ ಎಂದರೆ ಸ್ಟಾರ್ ಟ್ರೆಕ್ ಧಾರಾವಾಹಿಯಲ್ಲಿ ಒಂದೇ ಮನಸ್ಸನ್ನು ಹಂಚಿಕೊಂಡ ಜೀವಿಗಳು. 2007ರ ‘ಶಾಕ್ ಫೋರ್ಸ್’ ಹೊತ್ತಿಗೆ ಪ್ರತಿ ತುಕಡಿಗೂ ಅದರದರ ಕಣ್ಣು ಬಂತು. ಪಕ್ಕದ ಟ್ಯಾಂಕಿಗೆ ಕಂಡದ್ದು ನಿಮ್ಮ ಟ್ಯಾಂಕಿಗೆ ಕಾಣದೆ, ಅದು ಕೊಳವೆಯನ್ನು ಬೇರೆ ದಿಕ್ಕಿಗೆ ತಿರುಗಿಸಿಕೊಂಡು ತೆಪ್ಪಗೆ ನಿಂತಿರುತ್ತದೆ. ಪರದೆಯ ಮುಂದೆ ಕೂತ ನಿಮಗೆ ಎರಡೂ ಕಾಣುತ್ತವೆ, ಕಿರುಚಿದರೂ ಕೇಳಿಸಿಕೊಳ್ಳುವವರಿಲ್ಲ. ಲಿವರ್‌ಪೂಲಿನಲ್ಲಿ ಒಂದೊಂದು ಹಡಗಿಗೂ ಬೇರೆಬೇರೆ ಕಿಂಡಿ ಕೊಟ್ಟು ಮಾಡಿದ್ದು ಇದನ್ನೇ.

ಆ ಕೋಣೆಗೆ ಒಮ್ಮೆ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಬಂದ. ಮೊದಲ ಮಹಾಯುದ್ಧದಲ್ಲಿ ತಾನೇ ಜಲಾಂತರ್ಗಾಮಿ ನಡೆಸಿ ಹೆಸರು ಮಾಡಿದವನು, ಈಗ ಅಟ್ಲಾಂಟಿಕ್ಕಿನ ಬೆಂಗಾವಲಿನ ದಂಡನಾಯಕ. ಜಲಾಂತರ್ಗಾಮಿಯ ಪಾತ್ರ ತನಗೇ ಇರಲಿ ಎಂದು ಆಟಕ್ಕೆ ನಿಂತ. ಐದು ಸಲ ಆಡಿದ, ಐದೂ ಸಲ ಮುಳುಗಿದ. ಪರದೆಯ ಆಚೆ ನಿಂತು ಅವನನ್ನು ಬೇಟೆಯಾಡಿದವಳು ಜಾನೆಟ್ ಓಕೆಲ್, ಎಂದೂ ಸಮುದ್ರಯುದ್ಧ ಕಾಣದ ಒಬ್ಬ ಎಳೆಯ ರೆನ್.