ಇಬ್ಬರಿಲ್ಲದೆ ಮುಂದುವರಿಯದ ಕಥೆ

ಮಹಾನಗರದಲ್ಲಿ ವೈದ್ಯವೃತ್ತಿ ನಡೆಸುವವನಿಗೆ ಕಳೆದ ಹತ್ತು ಹದಿನೈದು ವರ್ಷಗಳಿಂದ ತಪ್ಪದೆ ಕೇಳಿಬರುವ ದೂರೊಂದಿದೆ. ಮಗನನ್ನು ಕೆಮ್ಮಿಗೆಂದು ಕರೆತಂದ ತಾಯಿ, ಔಷಧಿಯ ಚೀಟಿಯನ್ನು ಕೈಗೆ ತೆಗೆದುಕೊಂಡ ಮೇಲೆ, ಬಾಗಿಲ ಬಳಿ ನಿಂತು ಹೇಳುತ್ತಾರೆ: "ಡಾಕ್ಟರೇ, ಇವನು ಗೇಮ್ ಬಿಟ್ಟು ಏಳುವುದೇ ಇಲ್ಲ. ನೀವಾದರೂ ಎರಡು ಮಾತು ಹೇಳಿ." ನಾನು ಹೇಳುತ್ತಿದ್ದ ಎರಡು ಮಾತುಗಳು ಯಾವಾಗಲೂ ಅವೇ: ಕಣ್ಣು ಹಾಳಾಗುತ್ತದೆ, ಓದು ಹಾಳಾಗುತ್ತದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಗಂಜಿಯೂ ಆಹಾರವೇ, ಗೋಳಿಬಜೆಯೂ ಆಹಾರವೇ ಆಗಿರುವಂತೆ, ವಿಡಿಯೋ ಗೇಮ್ ಎಂಬ ಒಂದೇ ಹೆಸರಿನ ಕೆಳಗೆ ಎಷ್ಟೋ ಭಿನ್ನ ಸಂಗತಿಗಳು ಅಡಗಿವೆ ಎಂಬುದು ನನಗೆ ತಿಳಿದದ್ದು ಈಚೆಗೆ, ಅದೂ ಅರುವತ್ತೈದು ದಾಟಿದ ಮೇಲೆ.

ಅದಕ್ಕೆ ಕಾರಣನಾದವನು ನನ್ನ ಬಾಲ್ಯದ ಗೆಳೆಯ. ಉಡುಪಿಯ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು ನಾವು. ನಾನು ಮುಂಬಯಿಗೆ ಬಂದೆ, ಅವನು ಕೇಂದ್ರ ಸರಕಾರದ ನೌಕರಿ ಹಿಡಿದು ದೆಹಲಿ ಸೇರಿ ಅಲ್ಲಿಯೇ ನೆಲೆಸಿದ. ಎರಡು ವರ್ಷಗಳ ಹಿಂದೆ ಅವನ ಪತ್ನಿ ತೀರಿಕೊಂಡರು. ಆಮೇಲೆ ನಮ್ಮ ದೂರವಾಣಿ ಸಂಭಾಷಣೆ "ಊಟವಾಯಿತೇ", "ಬಿಸಿಲು ಹೇಗಿದೆ" ಎಂಬಲ್ಲಿಗೆ ಮುಗಿಯತೊಡಗಿತು. ಕೇಳಬೇಕಾದುದನ್ನು ಕೇಳಲು ನನಗೆ ಸಂಕೋಚ, ಹೇಳಬೇಕಾದುದನ್ನು ಹೇಳಲು ಅವನಿಗೆ ಬಾಯಿ ಬಾರದು. ಇದನ್ನು ಗಮನಿಸುತ್ತಿದ್ದ ನನ್ನ ಮಗ ಒಂದು ದಿನ, "ಅಪ್ಪಾ, ನೀವಿಬ್ಬರೂ ಸೇರಿ ಇದನ್ನು ಆಡಿ ನೋಡಿ" ಎಂದು 'ಇಟ್ ಟೇಕ್ಸ್ ಟೂ' ಎಂಬ ಆಟವನ್ನು ನನ್ನ ಮುಂದಿಟ್ಟ. ಇದಕ್ಕೆ ಇಬ್ಬರು ಬೇಕು ಎಂಬುದೇ ಆ ಹೆಸರಿನ ಅರ್ಥ.

ಈ ಆಟವನ್ನು ರೂಪಿಸಿದ್ದು ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದ ಹೇಜ್‌ಲೈಟ್ ಎಂಬ ಸಂಸ್ಥೆ. ಅದರ ನಿರ್ದೇಶಕ ಯೂಸೆಫ್ ಫಾರೆಸ್ ಹುಟ್ಟಿದ್ದು ಲೆಬನಾನಿನ ಬೇರೂತಿನಲ್ಲಿ. ಅಲ್ಲಿಯ ಅಂತರ್ಯುದ್ಧದ ಕಾಲದಲ್ಲಿ ಬಾಲಕನಾಗಿ ಸ್ವೀಡನ್ನಿಗೆ ವಲಸೆ ಬಂದವನು, ಮೊದಲು ಚಲನಚಿತ್ರಗಳನ್ನು ನಿರ್ದೇಶಿಸಿದವನು. (ವಲಸೆಗಾರರಾದ ನಮಗೆ ಈ ವಿವರ ಸ್ವಲ್ಪ ಹತ್ತಿರವೆನಿಸಿದರೆ ಆಶ್ಚರ್ಯವಿಲ್ಲ.) 2018ರಲ್ಲಿ ಈ ಸಂಸ್ಥೆ ಸೆರೆಮನೆಯಿಂದ ತಪ್ಪಿಸಿಕೊಳ್ಳುವ ಇಬ್ಬರು ಕೈದಿಗಳ ಕಥೆಯಾದ 'ಎ ವೇ ಔಟ್' ಎಂಬ ಆಟವನ್ನು ತಂದಿತು. 2021ರ ಮಾರ್ಚ್ ತಿಂಗಳಲ್ಲಿ, ಜಗತ್ತೆಲ್ಲ ಕೋವಿಡ್‌ಗೆ ಹೆದರಿ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ, 'ಇಟ್ ಟೇಕ್ಸ್ ಟೂ' ಹೊರಬಂತು. ಅದೇ ವರ್ಷದ ಡಿಸೆಂಬರಿನಲ್ಲಿ 'ದಿ ಗೇಮ್ ಅವಾರ್ಡ್ಸ್' ಸಮಾರಂಭದಲ್ಲಿ ವರ್ಷದ ಶ್ರೇಷ್ಠ ಆಟವೆಂಬ ಪ್ರಶಸ್ತಿಯನ್ನೂ ಪಡೆಯಿತು. 2025ರಲ್ಲಿ ಇಬ್ಬರು ಲೇಖಕಿಯರ ಕಥೆಯಾದ 'ಸ್ಪ್ಲಿಟ್ ಫಿಕ್ಷನ್' ಬಂದಿದೆ. ಈ ಮೂರನ್ನೂ ಒಬ್ಬಂಟಿಯಾಗಿ ಆಡುವುದು ಸಾಧ್ಯವಿಲ್ಲ. ಯಂತ್ರವೇ ಎರಡನೆಯವನ ಪಾತ್ರ ವಹಿಸುವ ಸೌಕರ್ಯವನ್ನು ಉದ್ದೇಶಪೂರ್ವಕವಾಗಿಯೇ ಕೊಟ್ಟಿಲ್ಲ. ಒಬ್ಬರು ಕೊಂಡರೆ ಸಾಕು, ಗೆಳೆಯನನ್ನು ಉಚಿತವಾಗಿ ಆಮಂತ್ರಿಸಬಹುದು. ಒಂದೇ ಕೋಣೆಯಲ್ಲಿ ಕುಳಿತು ಆಡಬಹುದು, ಇಲ್ಲವೇ ಒಬ್ಬರು ಮುಂಬಯಿಯಲ್ಲಿ, ಒಬ್ಬರು ದೆಹಲಿಯಲ್ಲಿದ್ದು ಅಂತರಜಾಲದ ಮೂಲಕ ಆಡಬಹುದು.

ಕಥೆ ಸರಳವಾದುದು. ಕೋಡಿ ಮತ್ತು ಮೇ ಎಂಬ ದಂಪತಿಗಳು ವಿಚ್ಛೇದನಕ್ಕೆ ಸಿದ್ಧರಾಗಿ ಆ ಸುದ್ದಿಯನ್ನು ಪುಟ್ಟ ಮಗಳು ರೋಸ್‌ಗೆ ತಿಳಿಸುತ್ತಾರೆ. ಅವಳು ತಾನೇ ಮಾಡಿಟ್ಟುಕೊಂಡ ತಂದೆತಾಯಿಯರ ಬೊಂಬೆಗಳ ಮೇಲೆ ಕಣ್ಣೀರು ಸುರಿಸುತ್ತಾಳೆ. ದಂಪತಿಗಳ ಜೀವ ಆ ಬೊಂಬೆಗಳನ್ನು ಹೊಕ್ಕುಬಿಡುತ್ತದೆ. ಬೆರಳುದ್ದದ ಆ ಬೊಂಬೆಗಳು ತಮ್ಮದೇ ಮನೆಯ ಶೆಡ್ಡು, ಅಂಗಳದ ಮರ, ಮಗಳ ಕೋಣೆ, ಗೋಡೆಯ ಗಡಿಯಾರಗಳನ್ನು ದಾಟಿ ಮಗಳನ್ನು ತಲುಪಬೇಕು. ಒಬ್ಬ ಆಟಗಾರ ಕೋಡಿ, ಇನ್ನೊಬ್ಬ ಮೇ. ಹೆಂಡತಿಯ ಪಾತ್ರ ತನಗಿರಲಿ ಎಂದು ನನ್ನ ಗೆಳೆಯನೇ ಆರಿಸಿಕೊಂಡ. ಏಕೆಂದು ನಾನು ಕೇಳಲಿಲ್ಲ.

ಇಲ್ಲಿಯ ಕೌಶಲವಿರುವುದು ಸಹಕಾರವನ್ನು ಉಪದೇಶವಾಗಿ ಹೇಳದೆ ಯಂತ್ರದ ಅಂಗವನ್ನಾಗಿ ಕಟ್ಟಿರುವ ರೀತಿಯಲ್ಲಿ. ಪರದೆ ಎರಡು ಭಾಗವಾಗಿರುತ್ತದೆ. ಗೆಳೆಯ ಕಾಣುವುದನ್ನು ನಾನೂ ಕಾಣುತ್ತೇನೆ. ಮೊದಲ ಅಧ್ಯಾಯದಲ್ಲಿ ನನ್ನ ಕೈಗೆ ಮೊಳೆಗಳು, ಅವನ ಕೈಗೆ ಸುತ್ತಿಗೆ. ನಾನು ಹಲಗೆಗೆ ಎಸೆದ ಮೊಳೆಗೆ ಸುತ್ತಿಗೆ ಸಿಕ್ಕಿಸಿ ಅವನು ಜೋಲಾಡಿ ಆಚೆ ದಾಟಬೇಕು. ಆಚೆ ದಾಟಿದವನು ಬಡಿದು ತಗ್ಗಿಸಿದ ಮೇಲೆಯೇ ನನ್ನ ದಾರಿ ತೆರೆಯುವುದು. ಮರದ ಅಧ್ಯಾಯದಲ್ಲಿ ನಾನು ಅಂಟು ಸಿಡಿಸುತ್ತೇನೆ, ಅವನು ಕಡ್ಡಿ ಗೀರಿ ಅದಕ್ಕೆ ಬೆಂಕಿ ಹಚ್ಚುತ್ತಾನೆ. ಗಡಿಯಾರದಲ್ಲಿ ನನಗೆ ಕಾಲವನ್ನು ಹಿಂದೆ ಮುಂದೆ ಸರಿಸುವ ಶಕ್ತಿ, ಅವನಿಗೆ ತನ್ನದೇ ಪ್ರತಿರೂಪವೊಂದನ್ನು ನಿಲ್ಲಿಸುವ ಶಕ್ತಿ. ಒಬ್ಬನ ಶಕ್ತಿ ಇನ್ನೊಬ್ಬನಿಗೆ ಎಂದೂ ಸಿಕ್ಕುವುದಿಲ್ಲ. ಆದ್ದರಿಂದ ಮಾತನಾಡಲೇಬೇಕು. "ಎಂತ ಮಾರಾಯ, ಮೊಳೆ ಹೊಡಿ, ನಾನಿಲ್ಲಿ ಬೀಳ್ತಾ ಇದ್ದೇನೆ!" ಎಂದು ದೂರವಾಣಿಯಲ್ಲಿ ಅವನು ಕೂಗಿದಾಗ, ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ಅವನ ಹಳೆಯ ಧ್ವನಿ ನನಗೆ ಕೇಳಿಸಿತು.

ಮುಂಬಯಿಯ ನಮ್ಮವರಿಗೆ ಇದನ್ನು ವಿವರಿಸಲು ತಾಳಮದ್ದಳೆಯ ಹೋಲಿಕೆ ಸಾಕೆಂದು ತೋರುತ್ತದೆ. ಪ್ರಸಂಗ ಮೊದಲೇ ನಿಶ್ಚಿತ, ಕರ್ಣ ಸಾಯಲೇಬೇಕು. ಆದರೂ ಎದುರಿನ ಅರ್ಥಧಾರಿ ಯಾರು, ಅವನು ಅಂದು ಯಾವ ಮಾತೆತ್ತಿದ ಎಂಬುದರಿಂದ ಒಂದು ರಾತ್ರಿಯ ಕರ್ಣ ಇನ್ನೊಂದು ರಾತ್ರಿಯವನಾಗಿರುವುದಿಲ್ಲ. ಈ ಆಟದ ಕಥೆಯೂ ಹಾಗೆಯೇ ಕಟ್ಟಿಟ್ಟದ್ದು. ಅದರೊಳಗಿನ ಮಾತು, ಜಗಳ, ನಗೆ ಆಡುವ ಇಬ್ಬರದು.

ಒಂದು ದೃಶ್ಯವನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮಗಳ ಕಣ್ಣೀರಿನಿಂದ ಬೊಂಬೆಗಳಾದ ನಾವು ಅವಳನ್ನು ಮತ್ತೊಮ್ಮೆ ಅಳಿಸಿದರೆ ಮನುಷ್ಯರಾಗುತ್ತೇವೆ ಎಂದು ಆ ದಂಪತಿಗಳು ತರ್ಕಿಸುತ್ತಾರೆ. ಅದಕ್ಕಾಗಿ ಅವಳ ಅತ್ಯಂತ ಪ್ರೀತಿಯ ಆಟಿಕೆಯಾದ ಬಟ್ಟೆಯ ಆನೆಯನ್ನು ಎಳೆದೊಯ್ದು ಎತ್ತರದಿಂದ ಕೆಡವಬೇಕು. ಆ ಆನೆ ಮಾತನಾಡುತ್ತದೆ, ಬೇಡವೆಂದು ಅಂಗಲಾಚುತ್ತದೆ. ಗುಂಡಿ ಒತ್ತಬೇಕಾದವರು ನಾವಿಬ್ಬರೂ. ಸಿನಿಮಾದಲ್ಲಾದರೆ ಮುಖ ತಿರುಗಿಸಬಹುದಿತ್ತು. ಇಲ್ಲಿ ಕೈ ನಮ್ಮದೇ. ನಾವು ಬಹಳ ಹೊತ್ತು ಸುಮ್ಮನೆ ಕುಳಿತೆವು. ಕೊನೆಗೆ ಎಳೆದೆವು. ಮಗಳು ಅತ್ತಳು, ಬೊಂಬೆಗಳು ಬೊಂಬೆಗಳಾಗಿಯೇ ಉಳಿದವು. "ನಮ್ಮ ಅವಸರಕ್ಕೆ ಮಕ್ಕಳನ್ನು ಎಷ್ಟು ಸಲ ಹೀಗೆ ಅಳಿಸಿದ್ದೇವೆ" ಎಂದು ಅವನೆಂದ. ನನಗೆ ಬಾಗಿಲ ಬಳಿ ನಿಂತ ತಾಯಂದಿರ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿರುತ್ತಿದ್ದ ಹುಡುಗರ ಮುಖ ನೆನಪಾಯಿತು.

ಎದುರುಬದುರು ಕುಳಿತು ಕಣ್ಣಿಟ್ಟು ನೋಡುತ್ತ ಮನಸ್ಸು ಬಿಚ್ಚುವುದು ಅನೇಕರಿಗೆ, ಅದರಲ್ಲಿಯೂ ನಮ್ಮ ತಲೆಮಾರಿನ ಗಂಡಸರಿಗೆ, ಬಹು ಕಷ್ಟದ ಕೆಲಸ. ಪಕ್ಕಪಕ್ಕದಲ್ಲಿ ಯಾವುದೋ ಕೆಲಸದಲ್ಲಿ ಕೈ ತೊಡಗಿದ್ದಾಗ ಮಾತು ತಾನಾಗಿ ಜಾರಿ ಬರುತ್ತದೆ. ಅಡಕೆ ಸುಲಿಯುವಾಗ, ಹಪ್ಪಳ ಲಟ್ಟಿಸುವಾಗ ನಮ್ಮ ಹಿರಿಯರು ಆಡುತ್ತಿದ್ದ ಮಾತುಗಳನ್ನು ನೆನೆದುಕೊಳ್ಳಿ. ಮಹಾನಗರದ ಎರಡು ಕೋಣೆಗಳ ಬದುಕಿನಲ್ಲಿ ಅಂಥ ಜೊತೆಗೆಲಸಗಳೇ ಉಳಿದಿಲ್ಲ. ಒಂಟಿತನವೆಂಬುದು ಕೇವಲ ಮನೋಭಾವದ ಮಾತಲ್ಲವೆಂದು ವೈದ್ಯಕೀಯ ಲೋಕವೂ ಈಗ ಒಪ್ಪಿದೆ: ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನ್ ತಿಂಗಳ ವರದಿಯಲ್ಲಿ ಜಗತ್ತಿನ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಾಧಿತರೆಂದು ಹೇಳಿ, ಹೃದ್ರೋಗ, ಪಾರ್ಶ್ವವಾಯು, ಖಿನ್ನತೆಗಳೊಡನೆ ಅದಕ್ಕಿರುವ ಸಂಬಂಧವನ್ನು ಎತ್ತಿ ತೋರಿಸಿತು. ಆಟವೊಂದು ಇದಕ್ಕೆ ಔಷಧವೆಂದು ನಾನು ಹೇಳುತ್ತಿಲ್ಲ. ಶೋಕವು ಖಿನ್ನತೆಯಾಗಿ ಬೇರೂರಿ, ನಿದ್ರೆ, ಆಹಾರ, ಬದುಕುವ ಇಚ್ಛೆ ಕುಂದಿದವರಿಗೆ ವೈದ್ಯರ ನೆರವೇ ಬೇಕು. ಆದರೆ ವಾರಕ್ಕೊಮ್ಮೆ ನಿಶ್ಚಿತವಾದ ಗಳಿಗೆಯಲ್ಲಿ ಒಬ್ಬ ನಮಗಾಗಿ ಕಾದಿರುತ್ತಾನೆ, ಅವನಿಲ್ಲದೆ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗದು ಎಂಬ ಭಾವನೆ ಸಣ್ಣದಲ್ಲ.

ಇನ್ನು ದೇಹದ ವಿಚಾರ. ಮೊದಲ ದಿನವೇ ನನ್ನ ಗೆಳೆಯನಿಗೆ ತಲೆಸುತ್ತಿ ವಾಕರಿಕೆ ಬಂತು. ಇದಕ್ಕೆ ಕಾರಣವಿದೆ. ಪರದೆಯ ದೃಶ್ಯ ಓಡುತ್ತಿರುವುದರಿಂದ ನಾವು ಚಲಿಸುತ್ತಿದ್ದೇವೆಂದು ಕಣ್ಣು ಮಿದುಳಿಗೆ ವರದಿ ಮಾಡುತ್ತದೆ. ಸಮತೋಲವನ್ನು ಕಾಯುವ ಒಳಕಿವಿಯು ಕುರ್ಚಿಯಲ್ಲಿ ನಿಶ್ಚಲವಾಗಿದ್ದೇವೆಂದು ಹೇಳುತ್ತದೆ. ಘಾಟಿಯ ಬಸ್ಸಿನಲ್ಲಿ ಪುಸ್ತಕ ಓದುವವನಿಗೆ ಆಗುವುದೂ ಇಂಥ ಪರಸ್ಪರ ವಿರುದ್ಧ ವರದಿಗಳಿಂದಲೇ, ದಿಕ್ಕು ಮಾತ್ರ ಅದಲುಬದಲು. ಪರದೆಯಿಂದ ಹಿಂದೆ ಸರಿದು ಕೂರುವುದು, ಕೋಣೆಯ ದೀಪ ಹಚ್ಚಿಡುವುದು, ದೃಶ್ಯ ತಿರುಗುವ ವೇಗವನ್ನು ಆಟದ ಹೊಂದಾಣಿಕೆಗಳಲ್ಲಿ ತಗ್ಗಿಸುವುದು, ವಾಕರಿಕೆ ಆರಂಭವಾದೊಡನೆ ಹಟ ಮಾಡದೆ ನಿಲ್ಲಿಸುವುದು, ಇಷ್ಟರಿಂದ ಅವನು ನಾಲ್ಕು ವಾರಗಳಲ್ಲಿ ಹೊಂದಿಕೊಂಡ. ಬಿದ್ದು ಸತ್ತರೂ ಈ ಆಟದಲ್ಲಿ ನಷ್ಟ ಅಲ್ಪ. ಗುಂಡಿಯನ್ನು ಪಟಪಟನೆ ಒತ್ತಿದರೆ ಜೀವ ಮರಳುತ್ತದೆ. ಹಾಗಾಗಿ ಅಜ್ಜನೂ ಮೊಮ್ಮಗಳೂ ಜೊತೆಗೆ ಆಡಬಹುದು.

ಪರದೆಯನ್ನು ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಮೆಯಾಗಿ ಕಣ್ಣು ಒಣಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿರಿ. ಅರ್ಧ ಗಂಟೆಗೊಮ್ಮೆ ಎದ್ದು ನಡೆಯಿರಿ. ಮಲಗುವ ಮುನ್ನಿನ ಒಂದು ಗಂಟೆ ಆಟ ಬೇಡ. ಮೂರ್ಛೆರೋಗವಿರುವವರಲ್ಲಿ ಕೆಲವರಿಗೆ ಮಿನುಗುವ ಬೆಳಕು ಅಪಾಯಕಾರಿ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ 'ಪೋಕೆಮಾನ್' ದೂರದರ್ಶನ ಧಾರಾವಾಹಿಯ ಕೆಂಪು ನೀಲಿ ಮಿಂಚುಗಳನ್ನು ಕಂಡು ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು. ಅಂಥವರು ವೈದ್ಯರನ್ನು ಕೇಳಿಯೇ ಆಡಬೇಕು.

ಹಾಗಾದರೆ ಆ ತಾಯಂದಿರ ದೂರು? ಅದನ್ನು ತಳ್ಳಿಹಾಕುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ, 2022ರ ಜನವರಿಯಿಂದ ಜಾರಿಯಲ್ಲಿರುವ ರೋಗಗಳ ವರ್ಗೀಕರಣದಲ್ಲಿ ಆಟದ ವ್ಯಸನವೂ ಸೇರಿದೆ. ಆದರೆ ಅದನ್ನು ಗುರುತಿಸುವುದು ಕೇವಲ ಗಂಟೆಗಳ ಲೆಕ್ಕದಿಂದಲ್ಲ. ಆಟದ ಮೇಲೆ ಹತೋಟಿ ತಪ್ಪಿರಬೇಕು, ಉಳಿದೆಲ್ಲ ಆಸಕ್ತಿ ಕರ್ತವ್ಯಗಳನ್ನು ಅದು ಹಿಂದಿಕ್ಕಿರಬೇಕು, ಹಾನಿಯಾಗುತ್ತಿದ್ದರೂ ಮುಂದುವರಿಯುತ್ತಿರಬೇಕು, ಈ ಸ್ಥಿತಿ ಸಾಮಾನ್ಯವಾಗಿ ಹನ್ನೆರಡು ತಿಂಗಳ ಕಾಲ ಕಂಡುಬರಬೇಕು. ಈಗ ನಾನು ಹುಡುಗರನ್ನು ಮೊದಲು ಕೇಳುವುದು ಎಷ್ಟು ಹೊತ್ತು ಆಡುತ್ತೀ ಎಂದಲ್ಲ, ಯಾರೊಡನೆ, ಯಾವ ಆಟ ಎಂದು. ಉತ್ತರ ಕೇಳಿ ತಾಯಿಯೇ ಬೆರಗಾದದ್ದುಂಟು. ಇನ್ನೊಂದು ಮಾತು: ಕಥಾಪ್ರಧಾನವಾದ ಇಂಥ ಆಟಕ್ಕೆ ಕೊನೆಯಿದೆ. ಚುರುಕಾದ ಜೋಡಿಗೆ ಇದು ಹನ್ನೆರಡು ಹದಿನಾಲ್ಕು ಗಂಟೆಗಳ ಆಟ. ನಮ್ಮಂಥವರಿಗೆ ಅದರ ದುಪ್ಪಟ್ಟು. ಕೊನೆಯೇ ಇಲ್ಲದಂತೆ ಕಟ್ಟಿದ, ದಿನದಿನವೂ ಬಹುಮಾನದ ಆಸೆ ತೋರಿಸಿ ಹಣ ಸೆಳೆಯುವ ಆಟಗಳೊಡನೆ ಇದನ್ನು ಒಂದೇ ಸಾಲಿನಲ್ಲಿ ಕೂರಿಸಲಾಗದು.

ನಾವೀಗ ಹಿಮದ ಅಧ್ಯಾಯವನ್ನು ಮುಗಿಸಿದ್ದೇವೆ. ದಂಪತಿಗಳು ತಮ್ಮ ಹಳೆಯ ಪ್ರವಾಸವೊಂದನ್ನು ನೆನೆಯುವ ಭಾಗವದು. ಇಬ್ಬರಿಗೂ ಅಯಸ್ಕಾಂತದ ಒಂದೊಂದು ತುದಿ ಸಿಕ್ಕಿರುತ್ತದೆ. ಅರ್ಧ ದಾರಿಯಲ್ಲಿ ಗೆಳೆಯನ ಬೊಂಬೆ ನಿಂತುಬಿಟ್ಟಿತು. ಸಂಪರ್ಕ ಕಡಿದಿದೆಯೆಂದು ಭಾವಿಸಿ "ಹಲೋ" ಎಂದೆ. "ಇದ್ದೇನೆ ಮಾರಾಯ" ಎಂದ. ಬದರಿಗೆ ಹೋಗಬೇಕೆಂದು ಅವಳು ಹನ್ನೊಂದು ವರ್ಷ ಕೇಳಿದ್ದಳಂತೆ. ನಿವೃತ್ತಿಯಾಗಲಿ, ಚಳಿ ಕಡಮೆಯಾಗಲಿ ಎಂದು ಇವನು ಮುಂದೂಡುತ್ತ ಬಂದನಂತೆ. ಅಂದು ಅವನು ಮುಕ್ಕಾಲು ಗಂಟೆ ಮಾತನಾಡಿದ. ಎರಡೂ ಬೊಂಬೆಗಳು ಹಿಮದಲ್ಲಿ ಅಷ್ಟು ಹೊತ್ತೂ ಹಾಗೆಯೇ ನಿಂತಿದ್ದವು. ಮುಂದಿನದು ತೋಟದ ಅಧ್ಯಾಯವೆಂದೂ, ಅಲ್ಲಿ ನಾನು ಗಿಡವಾಗಬೇಕೆಂದೂ, ನೀರೆರೆಯುವ ಕೆಲಸ ಅವನದೆಂದೂ ಮಗ ಹೇಳುತ್ತಾನೆ. ಭಾನುವಾರ ಸಂಜೆ ಐದಕ್ಕೆ ಬರುವುದಾಗಿ ಗೆಳೆಯ ತಾನೇ ಫೋನು ಮಾಡಿ ತಿಳಿಸಿದ್ದಾನೆ.