ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿದರೆ

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಲಾಸ್ ಏಂಜಲಿಸ್‌ನ ಪೂರ್ವ ಭಾಗದಲ್ಲಿದ್ದ ಮೆಕ್ಸಿಕನ್ ಮೂಲದ ಹುಡುಗರಿಗೆ ಹಳೆಯ ಷೆವರ್ಲೆ ಕಾರುಗಳ ಹುಚ್ಚು ಹಿಡಿಯಿತು. ವಿಟಿಯರ್ ಬುಲೆವಾರ್ಡ್ ಎಂಬ ಬೀದಿಯಲ್ಲಿ ಸಂಜೆ ಹೊತ್ತು ಅವನ್ನು ಮೆರವಣಿಗೆಯ ಹಾಗೆ ನಿಧಾನಕ್ಕೆ ಓಡಿಸುವುದು ಅವರ ಶೋಕಿ. ಅದೇ ಕಾಲದ ಬೇರೆ ಹುಡುಗರು ಎಂಜಿನ್ ತಿದ್ದಿ ವೇಗ ಹೆಚ್ಚಿಸಿಕೊಳ್ಳುತ್ತಿದ್ದರೆ, ಇವರಿಗೆ ವೇಗ ಬೇಕಿರಲಿಲ್ಲ. ಕಾರು ನೆಲಕ್ಕೆ ಅಂಟಿಕೊಂಡಂತೆ ಕಾಣಬೇಕಿತ್ತು, ಅಷ್ಟೇ. ಕೈಯಲ್ಲಿ ಕಾಸಿಲ್ಲದವರಿಗೆ ಇದ್ದದ್ದು ಎರಡು ದಾರಿ. ಒಂದು, ಡಿಕ್ಕಿಯಲ್ಲಿ ಮರಳಿನ ಮೂಟೆ ಹೇರುವುದು. ಇನ್ನೊಂದು, ಸ್ಪ್ರಿಂಗನ್ನೇ ಕತ್ತರಿಸುವುದು.

ಮೂಟೆಯ ಲೆಕ್ಕ ಸುಲಭ. ಸ್ಪ್ರಿಂಗಿನ ಮೇಲೆ ಎಷ್ಟು ಭಾರವೋ ಅದಕ್ಕೆ ತಕ್ಕಷ್ಟು ಕುಗ್ಗು ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲೇ ಪ್ರಕಟಿಸಿದ್ದ. ಹಿಂದಿನ ಎರಡು ಸ್ಪ್ರಿಂಗುಗಳೂ ತಲಾ 2 ಕಿಲೋ ಭಾರಕ್ಕೆ 1 ಮಿ.ಮೀ. ಕುಗ್ಗುವಂಥವಾದರೆ, 100 ಕಿಲೋ ಮರಳಿಗೆ ಕಾರಿನ ಬೆನ್ನು 25 ಮಿ.ಮೀ. ಇಳಿಯುತ್ತದೆ. ಮೂಟೆ ಇಳಿಸಿದರೆ ಕಾರು ಮೊದಲಿನಂತೆ. ಪೆಟ್ರೋಲು ಕುಡಿಯುವುದು, ಬ್ರೇಕ್ ಹಿಡಿದಾಗ ಇನ್ನಷ್ಟು ದೂರ ಹೋಗಿ ನಿಲ್ಲುವುದು ಬಿಟ್ಟರೆ ಸ್ಪ್ರಿಂಗಿನ ಗುಣ ಬದಲಾಗಿರುವುದಿಲ್ಲ.

ಕತ್ತರಿಸುವ ದಾರಿ ಹಾಗಲ್ಲ. ಸುರುಳಿ ಸ್ಪ್ರಿಂಗು ನೋಡಲು ಅದುಮಿಕೊಳ್ಳುತ್ತಿರುವಂತೆ ಕಂಡರೂ ಅದರ ಉಕ್ಕಿನ ಸರಳು ಒಳಗೊಳಗೇ ಹಿಂಡುವ ಬಟ್ಟೆಯ ಹಾಗೆ ತಿರುಚಿಕೊಳ್ಳುತ್ತಿರುತ್ತದೆ. ಉದ್ದನೆಯ ಸರಳನ್ನು ತಿರುಚುವುದು ಸುಲಭ, ಗಿಡ್ಡ ಸರಳು ಜಗ್ಗದು. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗು ಗಡುಸಾಗುವುದು ಇದರಿಂದಲೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಆರು ಸುತ್ತಿನ, 330 ಮಿ.ಮೀ. ಉದ್ದದ ಸ್ಪ್ರಿಂಗು, ಅದರ ಮೇಲೆ 300 ಕಿಲೋ ಭಾರ. ಪ್ರತಿ ಸುತ್ತೂ ಆ ಇಡೀ 300 ಕಿಲೋವನ್ನು ಹೊರುತ್ತದೆ, ಭಾರವನ್ನು ಆರು ಸುತ್ತುಗಳು ಹಂಚಿಕೊಳ್ಳುವುದಿಲ್ಲ. ಒಂದೊಂದು ಸುತ್ತು 25 ಮಿ.ಮೀ. ಕುಗ್ಗಿದರೆ ಒಟ್ಟು ಕುಗ್ಗು 150, ಉಳಿದ ಎತ್ತರ 180. ಈಗ ಕಟಿಂಗ್ ವೀಲ್ ಹಚ್ಚಿ ಒಂದು ಸುತ್ತು, ಎಂದರೆ 55 ಮಿ.ಮೀ. ತೆಗೆಯಿರಿ. ಉಳಿದ ಐದು ಸುತ್ತು ಕುಗ್ಗುವುದು 125 ಮಾತ್ರ, ಎತ್ತರ 150. ತೆಗೆದದ್ದು 55, ಕಾರು ಇಳಿದದ್ದು 30. ‘ಎರಡಿಂಚು ಇಳೀಲಿಲ್ಲವಲ್ಲ, ಇನ್ನೊಂದು ಸುತ್ತು ತೆಗಿ’ ಎಂದು ಗ್ಯಾರೇಜಿನಲ್ಲಿ ಹೇಳುವವರು ಇಲ್ಲೇ ಎಡವುತ್ತಾರೆ. ಏಕೆಂದರೆ ಮಿ.ಮೀ.ಗೆ 2 ಕಿಲೋ ಇದ್ದ ಗಡುಸು ಮೊದಲ ಕತ್ತರಿಗೇ 2.4 ಆಗಿದೆ. ಎರಡನೆಯದಕ್ಕೆ 3.

ಗಡುಸಾದರೆ ಒಳ್ಳೆಯದೇ ಅಲ್ಲವೇ, ಕಾರು ತಳ ಹೊಡೆಯುವುದಿಲ್ಲವಲ್ಲ? ಇದು ಕೇಳಲು ಸರಿ. ಚಕ್ರ ಮೇಲೆದ್ದು ಬಂದಾಗ ತಡೆಯಲು ಶಾಕ್ ಅಬ್ಸಾರ್ಬರಿನ ಕಡ್ಡಿಯಲ್ಲಿ ಒಂದು ರಬ್ಬರ್ ಗುಂಡು ಇರುತ್ತದೆ. ಮೊದಲು ಅದನ್ನು ಮುಟ್ಟಲು 70 ಮಿ.ಮೀ. ಜಾಗವಿತ್ತೆನ್ನಿ; ಆಗ ಸ್ಪ್ರಿಂಗಿನ ಮೇಲೆ 440 ಕಿಲೋ ಬಿದ್ದರಷ್ಟೇ ರಬ್ಬರ್ ಸಿಗುತ್ತಿತ್ತು. ಒಂದು ಸುತ್ತು ತೆಗೆದ ಮೇಲೆ ಉಳಿದಿರುವುದು 40 ಮಿ.ಮೀ.; 396 ಕಿಲೋಗೇ ಗುದ್ದು. ಸ್ಪ್ರಿಂಗು ಗಡುಸಾಯಿತು, ಆದರೂ ಕಾರು ಮೊದಲಿಗಿಂತ ಬೇಗ ತಳ ಹೊಡೆಯುತ್ತದೆ. ರಬ್ಬರ್‌ಗೆ ಗುದ್ದಿದ ಕ್ಷಣದಿಂದ ಹೊಡೆತ ನೇರ ಬಾಡಿಗೆ ಹೋಗುತ್ತದೆ, ತಿರುವಿನಲ್ಲಾದರೆ ಟೈರಿನ ಹಿಡಿತವೂ ತಪ್ಪಬಹುದು.

ಎರಡು ಸುತ್ತು ತೆಗೆದವನಿಗೆ ಇನ್ನೊಂದು ಫಜೀತಿ. ಭಾರವಿಲ್ಲದ ಸ್ಪ್ರಿಂಗಿನ ಉದ್ದ ಈಗ 220. ಕಾರು ಹಂಪು ಹಾರಿ ಚಕ್ರ ಕೆಳಕ್ಕೆ ಜೋತಾಗ ಸ್ಪ್ರಿಂಗು ಕೂರುವ ಮೇಲಿನ, ಕೆಳಗಿನ ತಟ್ಟೆಗಳ ನಡುವಿನ ಅಂತರ 260 ಆಗುವುದಾದರೆ, ಸ್ಪ್ರಿಂಗು 40 ಮಿ.ಮೀ. ಸಡಿಲ. ಅದು ಕಟಕಟ ಸದ್ದು ಮಾಡಿ ಮತ್ತೆ ತಟ್ಟೆಯ ಮೇಲೆ ಸರಿಯಾಗಿ ಕೂತರೆ ಅದೃಷ್ಟ.

ಗ್ಯಾಸ್ ಟಾರ್ಚ್‌ನಿಂದ ಸ್ಪ್ರಿಂಗು ಕಾಯಿಸಿ ಕಾರನ್ನು ಕುಸಿಸುವ ಪದ್ಧತಿಯೂ ಹಳೆಯದು. ಇದರಷ್ಟು ಕೆಟ್ಟದ್ದು ಬೇರೆ ಇಲ್ಲ. ಕಾರ್ಖಾನೆಯಲ್ಲಿ ಉಕ್ಕನ್ನು ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಕಾಯಿಸಿ ಕೊಟ್ಟ ಗುಣ ಕೆಂಪಗೆ ಕಾದ ಜಾಗದಲ್ಲಿ ಹಾಳಾಗುತ್ತದೆ. ಎಡಗಡೆ ಎಷ್ಟು ಕುಸಿಯಿತೋ ಬಲಗಡೆಯೂ ಅಷ್ಟೇ ಕುಸಿಯುತ್ತದೆಂಬ ಭರವಸೆಯಿಲ್ಲ.

ಇಷ್ಟೆಲ್ಲ ಮಾಡಿ ಸಿಗುವುದೇನು? ತಿರುವಿನಲ್ಲಿ ಒಳಬದಿಯ ಟೈರಿನಿಂದ ಹೊರಬದಿಯ ಟೈರಿಗೆ ಭಾರ ವರ್ಗವಾಗುವುದು ಕಾರಿನ ಗುರುತ್ವ ಕೇಂದ್ರ ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೆ. ಅದು ನೆಲದಿಂದ 550 ಮಿ.ಮೀ. ಇದ್ದು, ಕಾರು 30 ಇಳಿದರೆ ಉಳಿತಾಯ ಶೇ. 5ರಷ್ಟು. ಅದೂ ಪೂರ್ತಿ ಲಾಭವಲ್ಲ. ಇಂದಿನ ಬಹುಪಾಲು ಸಣ್ಣ ಕಾರುಗಳ ಮುಂದೆ ಇರುವುದು ಅರ್ಲ್ ಮ್ಯಾಕ್‌ಫರ್ಸನ್ ಹೆಸರಿನ ಸ್ಟ್ರಟ್, ಎಂದರೆ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ. ಇದರಲ್ಲಿ ಕಾರನ್ನು ಇಳಿಸಿದರೆ ಚಕ್ರವನ್ನು ಬಾಡಿಗೆ ಜೋಡಿಸುವ ಕೆಳಗಿನ ಆರ್ಮ್‌ನ ಹೊರತುದಿ ಮೇಲಾಗಿ ಓರೆಯಾಗುತ್ತದೆ. ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಗುರುತ್ವ ಕೇಂದ್ರಕ್ಕಿಂತ ಹೆಚ್ಚು ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಬೆಳೆದು, ವಾಲಿಸುವ ಸನ್ನೆ ಉದ್ದವಾಗುತ್ತದೆ. ಜೊತೆಗೆ ಚಕ್ರದ ಕೋನ ಬದಲಾಗಿ ಟೈರು ಒಳ ಅಂಚಿನಲ್ಲಿ ಸವೆಯುತ್ತದೆ. ಅಲೈನ್‌ಮೆಂಟ್ ಮಾಡಿಸದೆ ಓಡಿಸಿದರೆ ಸ್ಪ್ರಿಂಗಿನಲ್ಲಿ ಉಳಿಸಿದ ಹಣ ಟೈರಿನಂಗಡಿಗೆ.

ಇಳಿಸಲೇಬೇಕೆನ್ನುವವರಿಗೆಂದೇ ತಯಾರಾಗುವ ಗಿಡ್ಡ ಸ್ಪ್ರಿಂಗುಗಳಲ್ಲಿ ಸರಳು ಸ್ವಲ್ಪ ದಪ್ಪ. ಸ್ಪ್ರಿಂಗಿನ ಗಡುಸು ಸರಳಿನ ದಪ್ಪದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುವುದರಿಂದ, 12 ಮಿ.ಮೀ. ಇದ್ದದ್ದು 12.6 ಆದರೂ ಗಡುಸು ಶೇ. 22ರಷ್ಟು ಹೆಚ್ಚು. ಒಂದು ತುದಿಯಲ್ಲಿ ಒತ್ತೊತ್ತಾಗಿ ಸುತ್ತಿದ ಕೆಲವು ಸುತ್ತುಗಳಿರುತ್ತವೆ. ಕಾರಿನ ಭಾರಕ್ಕೆ ಅವು ಮುಚ್ಚಿಕೊಂಡು ಕೂತಿರುತ್ತವೆ, ಚಕ್ರ ಜೋತಾಗ ಬಿಚ್ಚಿಕೊಂಡು ಸ್ಪ್ರಿಂಗು ಸಡಿಲಾಗದಂತೆ ನೋಡಿಕೊಳ್ಳುತ್ತವೆ. ಇವುಗಳಿಗೆ ಹೊಂದುವ ಗಿಡ್ಡ ಶಾಕ್ ಅಬ್ಸಾರ್ಬರನ್ನೂ ಹಾಕಿಸಿದರೆ ಕೆಲಸ ಸರಿ, ಆದರೆ ಆಗ ಅದು ಅಗ್ಗದ ಕೆಲಸವಾಗಿ ಉಳಿಯುವುದಿಲ್ಲ.

ಮತ್ತೆ ಲಾಸ್ ಏಂಜಲಿಸ್‌ನ ಆ ಹುಡುಗರ ಕಾಲಕ್ಕೆ ಬಂದರೆ, ಕ್ಯಾಲಿಫೋರ್ನಿಯಾ ಸರ್ಕಾರ 1958ರಲ್ಲಿ, ಮಾರ್ಪಡಿಸಿದ ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿನ ತಳಕ್ಕಿಂತ ಕೆಳಗಿರಕೂಡದು ಎಂದು ಕಾನೂನು ತಂದಿತು. ಮರುವರ್ಷವೇ ರಾನ್ ಅಗಿರೆ ಎಂಬಾತ ವಿಮಾನಗಳಲ್ಲಿ ಬಳಸುವಂಥ ಹೈಡ್ರಾಲಿಕ್ ಪಂಪುಗಳನ್ನು ತನ್ನ ಕಾರ್ವೆಟ್ ಕಾರಿಗೆ ಜೋಡಿಸಿ, ಸ್ವಿಚ್ ಒತ್ತಿದರೆ ಏರಿಳಿಯುವಂತೆ ಮಾಡಿದ. ಪೊಲೀಸರು ಕಂಡರೆ ಮೇಲೆ, ಹೋದರೆ ಕೆಳಗೆ. ಆ ಕಾನೂನು 2024ರ ಜನವರಿ 1ರಂದು ರದ್ದಾಯಿತು.

ನಮ್ಮಲ್ಲಿ ಗಾಳಿ ಇನ್ನೊಂದು ದಿಕ್ಕಿಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. ನಾಲ್ಕು ಸ್ಪ್ರಿಂಗು ಕತ್ತರಿಸಿದರೆ ಅದು ಒಂದು ಬದಲಾವಣೆಯೋ ನಾಲ್ಕೋ ಎಂಬ ವಾದವನ್ನು ಆರ್‌ಟಿಓ ಕಚೇರಿಯಲ್ಲಿ ಮಾಡಿಕೊಳ್ಳಬಹುದು, ಕಾರು ಆ ಕಚೇರಿಯ ಮುಂದಿನ ಹಂಪು ದಾಟಿದರೆ.